ನರ್ಸಮ್ಮ ಇಟ್ಟ ಹೆಸರು

ಹೋದ ತಿಂಗಳು ನನ್ನ ಮೊಮ್ಮಗಳು ತನ್ನ ಮಗುವಿಗೆ ಹೆಸರು ಹುಡುಕುತ್ತಿದ್ದಳು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ಮೊಬೈಲು ಹಿಡಿದು, ಜಾತಕದಲ್ಲಿ ಬಂದಿದ್ದ ‘ಸ’ ಅಕ್ಷರದ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದಳು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತು ಅದು ಬೇಡ, ಇದು ಬೇಡ ಎನ್ನುತ್ತಿದ್ದೆ.

“ಸಮುವೇಲ ಅಂತ ಒಂದೈತೆ ನೋಡು ತಾತ. ಹೀಬ್ರೂ ಪ್ರವಾದಿ ಹೆಸರಂತೆ. ದೇವರು ಕೇಳಿಸಿಕೊಂಡ ಅಂತ ಅರ್ಥವಂತೆ. ಅರ್ಥ ಏನೋ ಚೆನ್ನಾಗೈತೆ, ನಮ್ಗೆಲ್ ಒಪ್ತದೆ ಬುಡು. ಸಮುವೇಲಾಚಾರಿ ಅಂದ್ರೆ ಜನ ನಗಾಕಿಲ್ವಾ?”

ಅವಳು ನಕ್ಕಳು. ನಾನು ನೀರು ಕುಡಿಯುವ ನೆಪ ಮಾಡಿಕೊಂಡು ಎದ್ದು ಹೋದೆ. ಜನಿವಾರ ಬೀಳುವವರೆಗೂ ನಾನು ಸಮುವೇಲಾಚಾರಿಯೇ ಆಗಿದ್ದೆ. ಶಾಲೆಯ ಹಾಜರಿಯಲ್ಲಿ ಮೇಷ್ಟ್ರು ಅದೇ ಹೆಸರು ಕೂಗುತ್ತಿದ್ದರು, ಹುಡುಗರು ಅದಕ್ಕೇ ನಗುತ್ತಿದ್ದರು. ನನ್ನ ಹೆಂಡತಿಗೆ ಆ ಹೆಸರು ಗೊತ್ತು, ಅದು ನನ್ನಿಂದ ಹೋದ ಬಗೆ ಗೊತ್ತಿಲ್ಲ. ಅದನ್ನು ಬರೆದಿಡದೆ ಸತ್ತರೆ ತಪ್ಪಾಗುತ್ತದೆ ಎಂದು ನನ್ನ ಬಾಳಿನ ಈ ಅಧ್ಯಾಯವನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ದೇವಲಾಪುರಕ್ಕೆ ಸೇರಿದ ಒಂದು ಸಣ್ಣ ಹಳ್ಳಿಯಲ್ಲಿತ್ತು. ಮುಂದೆ ಅಪ್ಪನ ಕುಲುಮೆ. ಊರಿನ ನೇಗಿಲಿನ ಗುಳ, ಕುಡುಗೋಲು, ಗಾಡಿಯ ಪಟ್ಟಿ ಎಲ್ಲ ಅಲ್ಲೇ ಕೆಂಪಗೆ ಕಾದು, ಅಡಿಗಲ್ಲಿನ ಮೇಲೆ ಏಟು ತಿಂದು, ನೀರಿನ ಕಲ್ಲುಬಾನಿಯಲ್ಲಿ ಚುಯ್ ಎಂದು ತಣ್ಣಗಾಗುತ್ತಿದ್ದವು. ಕುಲುಮೆ ದಾಟಿದರೆ ಜಗಲಿ, ಆಮೇಲೆ ನಡುಮನೆ, ಎಡಕ್ಕೆ ಅಡುಗೆಮನೆ. ಬಲಕ್ಕೆ ಕಿಟಕಿಯಿಲ್ಲದ ಒಂದು ಕೋಣೆ. ರಾಗಿ ತುಂಬಿದ ವಾಡೆಗಳು ಇದ್ದದ್ದು ಅಲ್ಲೇ, ಅವ್ವ ಹೆರುತ್ತಿದ್ದದ್ದೂ ಅಲ್ಲೇ. ನನಗಿಂತ ಮುಂಚೆ ಹುಟ್ಟಿದ ಮೂವರು ಆ ಕೋಣೆಯಿಂದ ತಮ್ಮ ಕಾಲಲ್ಲಿ ನಡೆದು ಹೊರಗೆ ಬರಲಿಲ್ಲ. ಹಗಲು ಹೊತ್ತಿನಲ್ಲೂ ನಾನು ಆ ಬಾಗಿಲಿನ ಮುಂದೆ ಓಡಿಯೇ ಹಾದು ಹೋಗುತ್ತಿದ್ದೆ.

ಮಕ್ಕಳು ಉಳಿಯದ ಮನೆಗಳಲ್ಲಿ ಆಗ ಒಂದು ಪದ್ಧತಿ ಇತ್ತು. ಹುಟ್ಟಿದ ಮಗುವನ್ನು ಮೊರದಲ್ಲಿ ಮಲಗಿಸಿ, ಹೊಸ್ತಿಲು ದಾಟಿಸಿ, ಹೊರಗಿನವರಿಗೆ ಮಾರುವುದು. ಕೊಂಡವರು ತಮಗೆ ತೋಚಿದ ಹೆಸರಿಡುತ್ತಾರೆ. ಆಮೇಲೆ ತಾಯಿ ಒಂದು ಮೊರ ರಾಗಿ ಕೊಟ್ಟು ಮಗುವನ್ನು ಮರಳಿ ಕೊಳ್ಳುತ್ತಾಳೆ. ಈ ಮನೆಯ ಮಕ್ಕಳನ್ನು ಒಯ್ಯುವ ಮಾರಿ, ಇದು ಬೇರೆಯವರ ಮಗು ಎಂದು ಮೋಸಹೋಗಿ ಮುಂದಕ್ಕೆ ಹೋಗುತ್ತಾಳೆ ಎಂಬ ನಂಬಿಕೆ. ನಮ್ಮೂರಿನಲ್ಲಿ ತಿಪ್ಪ, ಗುಂಡ, ಅಡವಿ ಎಂಬ ಹೆಸರಿನವರೆಲ್ಲ ಹೀಗೆ ಮೊರ ಹತ್ತಿ ಇಳಿದವರೇ.

ನಾನು ಹುಟ್ಟಿದಾಗ ಹೆರಿಗೆ ಮಾಡಿಸಿದವರು ದೇವಲಾಪುರಕ್ಕೆ ಬಂದಿದ್ದ ಸರ್ಕಾರಿ ನರ್ಸಮ್ಮ. ಕ್ರೈಸ್ತರು, ಒಂಟಿ ಹೆಂಗಸು. ನಾನು ಅಳದೆ, ನೀಲಿಯಾಗಿ ಹುಟ್ಟಿದೆನಂತೆ. ಅವರು ನನ್ನನ್ನು ತಲೆಕೆಳಗಾಗಿ ಹಿಡಿದು, ಬೆನ್ನು ತಟ್ಟಿ, ಬಾಯಿಗೆ ಬಾಯಿಟ್ಟು ಊದಿ, ನಡುನಡುವೆ ತಮ್ಮ ದೇವರನ್ನು ಗಟ್ಟಿಯಾಗಿ ಕೂಗಿದರಂತೆ. ಕೊನೆಗೆ ನಾನು ಅತ್ತೆ. ಅಪ್ಪನ ತಾಯಿ, ನನ್ನ ಅಜ್ಜಿ, ಆಗಲೇ ತೀರ್ಮಾನಿಸಿದಳು: ಮಾರುವುದಾದರೆ ಇವರಿಗೇ. ಹನ್ನೊಂದನೆಯ ದಿನ ಮೊರ ಸಿದ್ಧವಾಯಿತು. ನರ್ಸಮ್ಮ ನಗುತ್ತ ನನ್ನನ್ನು ಎತ್ತಿಕೊಂಡು ಸಮುವೇಲ ಎಂದು ಹೆಸರಿಟ್ಟು, ಅವ್ವನ ಮಡಿಲಿಗೆ ಹಾಕಿದರು. ಅವ್ವ ರಾಗಿಯ ಮೊರ ಚಾಚಿದಾಗ ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಂಡುಬಿಟ್ಟರು.

“ಇದೊಂದು ಬೇಡಮ್ಮ. ಮಗು ದೇವರು ಕೊಟ್ಟದ್ದು. ಅದಕ್ಕೆ ನಾನು ಬೆಲೆ ಈಸ್ಕೊಂಡ್ರೆ ಪಾಪ ಬರುತ್ತೆ. ಹೆಸರಿಟ್ಟಿದೀನಿ, ಸಾಕು.”

ಒಳ್ಳೆಯ ಮನಸ್ಸಿನಿಂದ ಆಡಿದ ಈ ಮಾತು ನಮ್ಮ ಮನೆಗೆ ಒಂದು ಗಂಟಾಯಿತು. ಅಜ್ಜಿಯ ಲೆಕ್ಕದಲ್ಲಿ ಮಾರಾಟ ಆಗಿತ್ತು, ಮರಳಿ ಕೊಂಡದ್ದು ಆಗಿರಲಿಲ್ಲ. ನಾನು ನರ್ಸಮ್ಮನ ಮಗ, ಈ ಮನೆಯಲ್ಲಿ ಎರವಲು ಇದ್ದೇನೆ, ಅಷ್ಟೇ. ಪ್ರತಿ ಸುಗ್ಗಿಯಲ್ಲೂ ಅಜ್ಜಿ ರಾಗಿ ಕೊಡಲು ನೋಡುತ್ತಿದ್ದಳು, ಪ್ರತಿ ಸುಗ್ಗಿಯಲ್ಲೂ ನರ್ಸಮ್ಮ “ಹುಡುಗನಿಗೇ ಅಂಬಲಿ ಮಾಡಿಕೊಡಿ” ಎಂದು ನಕ್ಕು ಬಿಡುತ್ತಿದ್ದರು.

ಎರವಿನ ಮಗ ಎಂದರೆ ಏನು ಎಂಬುದು ನನಗೆ ಊಟದ ಹೊತ್ತಿನಲ್ಲಿ ತಿಳಿಯುತ್ತಿತ್ತು. ಮೊದಲ ಮುದ್ದೆ ನನ್ನ ತಟ್ಟೆಗೆ ಬೀಳುತ್ತಿತ್ತು. ಬಸ್ಸಾರಿನ ಕಾಳು ನನಗೇ ಜಾಸ್ತಿ. ನನ್ನ ತಮ್ಮ ಮೌನಿ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದ. ಅಜ್ಜಿ ಅವನಿಗೆ ಸೌಟಿನಲ್ಲಿ ತಟ್ಟಿ, “ನೆಂಟರಿಗೆ ಮೊದ್ಲು ಬಡಿಸ್ಬೇಕು ಕಣ್ಲಾ” ಎನ್ನುತ್ತಿದ್ದಳು. ತಪ್ಪು ಮಾಡಿದರೆ ಮೌನಿಗೆ ಏಟು ಬೀಳುತ್ತಿತ್ತು, ನನಗೆ ಯಾರೂ ಹೊಡೆಯುತ್ತಿರಲಿಲ್ಲ. ಆಯುಧಪೂಜೆಯ ದಿನ ಅಪ್ಪ ಸುತ್ತಿಗೆ, ಇಕ್ಕಳಗಳಿಗೆಲ್ಲ ಕುಂಕುಮ ಇಡುವಾಗ ಮೌನಿ ಪಕ್ಕದಲ್ಲಿ ನಿಂತು ಗಂಟೆ ಬಾರಿಸುತ್ತಿದ್ದ, ನಾನು ಜಗಲಿಯಿಂದ ನೋಡುತ್ತಿದ್ದೆ. ಒಂದು ಸಲ ಬೇಕೆಂದೇ ಅಪ್ಪನ ಇಕ್ಕಳವನ್ನು ಕಲ್ಲುಬಾನಿಗೆ ಎಸೆದೆ, ಹೊಡೆಯಲಿ ಎಂದು. ಅಪ್ಪ ಕೈ ಎತ್ತಿದ. ಎತ್ತಿದ ಕೈಯನ್ನು ಅಜ್ಜಿಯ ಮುಖ ನೋಡಿ ಇಳಿಸಿದ. ನಾನು ಹಿತ್ತಿಲಿಗೆ ಹೋಗಿ ಅತ್ತೆ. ಮಕ್ಕಳು ಏಟಿಗೆ ಹೆದರುತ್ತಾರೆ. ನಾನು ಏಟು ಬೀಳದ್ದಕ್ಕೆ ಹೆದರುತ್ತಿದ್ದೆ.

ನರ್ಸಮ್ಮನಿಗೆ ಆಮೇಲೆ ಪಾಂಡವಪುರಕ್ಕೆ ವರ್ಗವಾಯಿತು. ಆದರೂ ಕ್ರಿಸ್‌ಮಸ್ ಕಳೆದ ವಾರ ತಪ್ಪದೆ ಬರುತ್ತಿದ್ದರು. ಬಿಳೀ ಸೀರೆ, ಕೈಯಲ್ಲಿ ತಂತಿಬುಟ್ಟಿ, ಅದರಲ್ಲಿ ಹೂವಿನ ಅಚ್ಚಿನಲ್ಲಿ ಕರಿದ ಸಿಹಿತಿಂಡಿ. ಜಗಲಿಯ ಮೇಲೆ ಕುಳಿತು ನನ್ನನ್ನು ಎದುರಿಗೆ ನಿಲ್ಲಿಸಿಕೊಳ್ಳುತ್ತಿದ್ದರು.

“ನಿನ್ನ ಹೆಸರೇನು ಕಂದ?”

“ಸಮುವೇಲ.”

“ಅಂದ್ರೆ?”

“ದೇವರು ಕೇಳಿಸಿಕೊಂಡ.”

ಸರಿಯಾಗಿ ಹೇಳಿದರೆ ತಿಂಡಿ. ಅದರ ಜೊತೆಗೆ ಆ ಪ್ರವಾದಿಯ ಕಥೆ. ಹನ್ನಾ ಎಂಬ ಹೆಂಗಸಿಗೆ ಮಕ್ಕಳಿರಲಿಲ್ಲ. ಅವಳು ಗುಡಿಗೆ ಹೋಗಿ ತುಟಿ ಮಾತ್ರ ಆಡಿಸುತ್ತ ಅತ್ತಳು. ಕುಡಿದು ಬಂದಿದ್ದಾಳೆ ಎಂದು ಪೂಜಾರಿ ಬೈದ. ದೇವರು ಮಾತ್ರ ಕೇಳಿಸಿಕೊಂಡ, ಗಂಡು ಮಗುವಾಯಿತು. ಮಗು ಮೊಲೆ ಬಿಟ್ಟ ಮೇಲೆ ಅವಳು ಹರಕೆಯಂತೆ ಅವನನ್ನು ಕರೆದುಕೊಂಡು, ಜೊತೆಗೆ ಒಂದು ಚೀಲ ಹಿಟ್ಟು ಹೊತ್ತುಕೊಂಡು, ಆ ಗುಡಿಗೆ ಹೋಗಿ ಒಪ್ಪಿಸಿ ಬಂದಳು. ವರ್ಷಕ್ಕೊಂದು ಸಣ್ಣ ಅಂಗಿ ಹೊಲಿದು ಕೊಟ್ಟು ಬರುತ್ತಿದ್ದಳು.

“ಆಮೇಲೆ ಅವನು ಮನೇಗೆ ಬರ್ನಿಲ್ವಾ?” ಎಂದು ನಾನು ಕೇಳಿದೆ.

“ಇಲ್ಲಪ್ಪ. ದೇವರ ಮನೇನಲ್ಲೇ ಬೆಳೆದ. ದೊಡ್ಡ ಪ್ರವಾದಿಯಾದ.”

ಅವ್ವ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು, “ಪುಣ್ಯವಂತೆ ಕಣಮ್ಮ ಅವ್ಳು” ಎಂದಳು. ಮಗನನ್ನು ಬಿಟ್ಟು ಬಂದವಳು ಪುಣ್ಯವಂತೆ ಎಂದು ನನ್ನ ಅವ್ವನೇ ಹೇಳಿದಳು. ಅವತ್ತಿನಿಂದ ಆ ಹೆಸರನ್ನು ಯಾರಾದರೂ ಕೂಗಿದರೆ, ಕರೆದವರು ಯಾರು, ಯಾಕೆ ಕರೆದರು, ಹೊರಟು ನಿಂತಿದ್ದಾರೆಯೇ ಎಂದು ಮೊದಲು ಇಣುಕಿ ನೋಡಿ ಆಮೇಲೆ ಓಗೊಡುತ್ತಿದ್ದೆ. ಅವ್ವ ಎಲ್ಲಿಗಾದರೂ ಹೊರಟರೆ ಅವಳ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದೆ.

ನನಗೂ ಮೌನಿಗೂ ಒಟ್ಟಿಗೆ ಜನಿವಾರ ಹಾಕಿಸಬೇಕೆಂದು ಅಪ್ಪ ಹೊರಟ ವರ್ಷ ಗಂಟು ಬಿಗಿಯಾಯಿತು. ನಡುಮನೆಯಲ್ಲಿ ಜಗಳ. ನಾನು ಬಾಗಿಲ ಹಿಂದೆ.

“ರಾಗಿ ಕೊಟ್ಟು ಬುಡಿಸ್ಕಳ್ದೆ ಅವನ್ಗೆ ಜನಿವಾರ ಆಗಾಕಿಲ್ಲ” ಎಂದಳು ಅಜ್ಜಿ.

“ಅವಮ್ಮ ಈಸ್ಕಳಾಕಿಲ್ಲ ಅಂತಾವ್ರೆ. ನಾನೇನ್ ಅವ್ರ ಬಾಯ್ಗೆ ತುರುಕ್ಲಾ?” ಎಂದ ಅಪ್ಪ.

“ಅಂಗಾರೆ ನಿನ್ನೆಡ್ತಿ ಮಗನ್ನ ಕರ್ಕಂಡು ರಾಗಿ ಹೊತ್ಕಂಡು ಓಗ್ಲಿ. ಈಸ್ಕಂಡ್ರೆ ಮಗ ನಮ್ದು. ಈಸ್ಕಳಾಕಿಲ್ಲ ಅಂದ್ರೆ ಅವ್ರದೇ, ಅಲ್ಲೇ ಬುಟ್ಬುಟ್ಟು ಬರ್ಲಿ. ಎರವಿನ ಮಗೀಗೆ ಜನಿವಾರ ಹಾಕಿ ಇನ್ನೊಂದ್ನೂ ಕಳ್ಕಳಾಕೆ ನನ್ ಕೈಲಾಗದಿಲ್ಲ.”

ಅಪ್ಪ ಎದ್ದು ಕುಲುಮೆಗೆ ಹೋದ. ಅವ್ವ ಇಲ್ಲ ಎನ್ನುತ್ತಾಳೆ ಎಂದು ಕಾದೆ. ಅವ್ವ ಎದ್ದು, ಚೀಲ ತೆಗೆದುಕೊಂಡು ವಾಡೆಗಳ ಕೋಣೆಗೆ ಹೋದಳು. ಸಂಜೆ ದರ್ಜಿಯ ಮನೆಯಿಂದ ನನಗೊಂದು ಹೊಸ ಅಂಗಿ ಬಂತು. ಮೌನಿಗೆ ಬರಲಿಲ್ಲ. ಅಜ್ಜಿ ಸಿಟ್ಟಿನಲ್ಲಿ ಆಡಿದ್ದು ಎಂದು ಇಂದು ನನಗೆ ಗೊತ್ತು. ಅಂದು ಗೊತ್ತಿದ್ದದ್ದು ಇಷ್ಟೇ: ಹೊಸ ಅಂಗಿ, ಧಾನ್ಯದ ಚೀಲ, ಮಗನ ಕೈ ಹಿಡಿದು ಹೊರಟ ತಾಯಿ. ಹನ್ನಾಳ ಕಥೆಯಲ್ಲಿ ಇದ್ದದ್ದೂ ಅಷ್ಟೇ. ನರ್ಸಮ್ಮ ಈವರೆಗೆ ಒಮ್ಮೆಯೂ ರಾಗಿಗೆ ಕೈ ಚಾಚಿರಲಿಲ್ಲ. ಇವತ್ತು ಚಾಚದಿದ್ದರೆ ನಾನು ಮನೆಗೆ ಬರುವುದಿಲ್ಲ.

ನಾಗಮಂಗಲದವರೆಗೆ ಒಂದು ಬಸ್ಸು, ಅಲ್ಲಿಂದ ಪಾಂಡವಪುರಕ್ಕೆ ಇನ್ನೊಂದು. ಅವ್ವ ರಾಗಿಯ ಚೀಲವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಏನೋ ಮಾತನ್ನು ಮನಸ್ಸಿನಲ್ಲೇ ಕಲಿಯುತ್ತಿರುವವಳ ಹಾಗೆ ಅವಳ ತುಟಿ ಅಲ್ಲಾಡುತ್ತಿತ್ತು. ನನ್ನನ್ನು ಬಿಟ್ಟು ಬರುವಾಗ ಹೇಳಬೇಕಾದ ಮಾತೇ ಅದು ಎಂದು ನಾನು ನಂಬಿದೆ. ಪಾಂಡವಪುರ ಬಂದಾಗ ಸಕ್ಕರೆ ಕಾರ್ಖಾನೆಯ ಹುಳಿ ವಾಸನೆ ಬಸ್ಸಿನೊಳಗೆ ತುಂಬಿತು. ನಡೆಯುವ ದಾರಿಯಲ್ಲಿ ನಾಲೆ ಸಿಕ್ಕಿತು. ಮಳೆಯಿಲ್ಲದೆ, ಸದ್ದಿಲ್ಲದೆ, ಅಷ್ಟು ಅಗಲದ ನೀರು ಒಂದೇ ಕಡೆಗೆ ಹೋಗುತ್ತಿತ್ತು. ಒಣಹೊಲದ ಊರಿನ ನಾನು ಅಂಥದ್ದನ್ನು ಕಂಡಿರಲಿಲ್ಲ. ಬಿದ್ದದ್ದು ಯಾವುದೂ ತಿರುಗಿ ಬರುವುದಿಲ್ಲ ಎಂದು ನೋಡಿದ ಕೂಡಲೇ ಅನ್ನಿಸಿತು. ಸೇತುವೆ ದಾಟುವಾಗ ಕಣ್ಣು ಮುಚ್ಚಿಕೊಂಡೆ. ಅಷ್ಟು ಹೊತ್ತಿಗೆ, ನರ್ಸಮ್ಮನಿಗೆ ನಾನು ಬೇಡವಾಗುವಂತೆ ಏನು ಹೇಳಬೇಕೆಂದು ತೀರ್ಮಾನವಾಗಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ನಂತರ, ಮೌನಿಗಿಂತ ಮುಂಚೆ, ಅವ್ವನಿಗೆ ಒಂದು ಹೆಣ್ಣು ಮಗು ಆಗಿತ್ತು. ಅದಕ್ಕೆ ಜ್ವರ ಬಂದಾಗ ನರ್ಸಮ್ಮ ನಮ್ಮ ಮನೆಯಲ್ಲೇ ಉಳಿದು ತೊಡೆಯ ಮೇಲಿಂದ ಅದನ್ನು ಇಳಿಸದೆ ಕುಳಿತಿದ್ದರು. ಅದು ಅಲ್ಲೇ, ಅವರ ತೊಡೆಯ ಮೇಲೇ ಹೋಯಿತು. ಅವ್ವ ಅವರನ್ನು ತಬ್ಬಿಕೊಂಡು ಅತ್ತಿದ್ದಳು. ಅಜ್ಜಿ ಮಾತ್ರ ಒಮ್ಮೆ ಒಲೆಯ ಮುಂದೆ ಕುಳಿತು ಒಂದು ಮಾತು ಗೊಣಗಿದ್ದಳು. ಅವ್ವ ಅವತ್ತು ಮೊದಲ ಸಲ ಅತ್ತೆಯ ಮೇಲೆ ದನಿ ಎತ್ತಿದ್ದಳು. ಆದ್ದರಿಂದ ಆ ಮಾತಿನಲ್ಲಿ ಎಷ್ಟು ವಿಷ ಇದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ತಿಳಿಯದ ಮಗು ಏನೋ ಅಂದುಬಿಟ್ಟಿತು ಎಂದು ಓದುವವರು ನನಗೆ ರಿಯಾಯಿತಿ ಕೊಡಬಾರದು. ನಾನು ಆರಿಸಿಕೊಂಡೇ ಹೋಗಿದ್ದೆ.

ನರ್ಸಮ್ಮನದು ಒಂದೇ ಕೋಣೆಯ ಹೆಂಚಿನ ಮನೆ. ಒಂದು ಮಂಚ, ಗೋಡೆಯಲ್ಲಿ ಶಿಲುಬೆ, ಮೂಲೆಯಲ್ಲಿ ಉರಿಯುತ್ತಿದ್ದ ಸೀಮೆಎಣ್ಣೆ ಸ್ಟೌ. ನಮ್ಮನ್ನು ಕಂಡು ಅವರ ಮುಖ ಅರಳಿತು. ಕೈ ಒರೆಸಿಕೊಂಡು ಬಂದು ನನ್ನ ಎರಡೂ ಕೆನ್ನೆ ಹಿಡಿದರು.

“ಅಬ್ಬಾ, ಹೊಸ ಅಂಗಿ. ಬಾ ಕಂದ. ನಿನ್ನ ಹೆಸರೇನು?”

ನಾನು ಅವ್ವನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ. ಅವ್ವ ಚೀಲ ಕೆಳಗಿಟ್ಟು, “ನರ್ಸಮ್ಮ, ಇದೊಂದ್ಸಲ ಇಲ್ಲ ಅನ್ಬ್ಯಾಡಿ. ಐಕ್ಳಿಗೆ ಜನಿವಾರ ಮಾಡ್ಬೇಕು ಅಂತಾವ್ರೆ. ನಮ್ಮತ್ತೆ…” ಎಂದು ಶುರುಮಾಡಿದಳು.

“ಮತ್ತೆ ಅದೇನಾ? ನೀನು ಹೊತ್ಕೊಂಡು ಬಂದಿದ್ದೇ ತಪ್ಪು ಕಣಮ್ಮ. ನಾನು ಈಸ್ಕೊಳಲ್ಲ ಅಂತ ಗೊತ್ತಿಲ್ವಾ? ಕೂತ್ಕೊ, ಕಾಫಿ ಮಾಡ್ತೀನಿ. ಇವನು ಇವತ್ತು ಇಲ್ಲೇ ಇರ್ಲಿ, ನಾಳೆ ನಾಲೆ ತೋರಿಸ್ಕೊಂಡು ಬರ್ತೀನಿ.”

ಇಲ್ಲೇ ಇರಲಿ. ನನಗೆ ಆಮೇಲೆ ಏನೂ ಕೇಳಿಸಲಿಲ್ಲ. ಕೆನ್ನೆಯ ಮೇಲಿದ್ದ ಅವರ ಕೈಯನ್ನು ಕಿತ್ತು ಎಸೆದೆ.

“ನಂಗೆ ನಿಮ್ಮೆಸ್ರು ಬ್ಯಾಡ. ಬಂಜೆ ಮಡ್ಲು ಮಕ್ಕುಳ್ನ ತಿಂತದೆ. ನಮ್ ಪಾಪೂನ ತಿಂದಿದ್ದೂ ನೀವೇ.”

ಅವ್ವನ ಕೈ ನನ್ನ ಕೆನ್ನೆಗೆ ಬಿತ್ತು. ಜೀವನದಲ್ಲಿ ಬಿದ್ದ ಮೊದಲ ಏಟು. ಎರಡನೆಯದು ಬೀಳುವ ಮೊದಲೇ ನರ್ಸಮ್ಮ ಅವ್ವನ ಕೈ ಹಿಡಿದುಕೊಂಡರು. ಅವರು ನನ್ನತ್ತ ನೋಡಿದರು. ನನ್ನ ಚಡ್ಡಿ ಒದ್ದೆಯಾಗಿತ್ತು. ಆಮೇಲೆ ಅವರು ಸ್ಟೌ ಆರಿಸಿ ಬಂದು, ಅವ್ವನ ಎದುರಿಗೆ ನಿಂತು, ಎರಡೂ ಕೈಯಿಂದ ತಮ್ಮ ಬಿಳೀ ಸೆರಗನ್ನು ಒಡ್ಡಿದರು.

“ಹಾಕಮ್ಮ.”

“ಬ್ಯಾಡಿ ನರ್ಸಮ್ಮ. ಮಗ ಅವ್ನು, ಬುದ್ಧಿಯಿಲ್ಲ. ನಿಮ್ಮ ಕಾಲ್ ಇಡ್ಕತೀನಿ.”

“ಹಾಕು ಅಂದ್ನಲ್ಲ. ಹುಡುಗ ತುಂಬ ಹೆದರ್ಕೊಂಡಿದಾನೆ.”

ಅವ್ವ ಅಳುತ್ತಲೇ ರಾಗಿ ಸುರಿದಳು. ಬಸುರಿಗೆ ಮಡಿಲು ತುಂಬುವಾಗ ಹೆಂಗಸರು ಸೆರಗು ಒಡ್ಡಿ ನಿಲ್ಲುವುದನ್ನು ನಾನು ಕಂಡಿದ್ದೆ. ನರ್ಸಮ್ಮ ಹಾಗೆಯೇ ನಿಂತಿದ್ದರು. ಒಂದು ಕಾಳೂ ಕೆಳಗೆ ಚೆಲ್ಲಲಿಲ್ಲ. ಪೂರ್ತಿ ತುಂಬಿದ ಮೇಲೆ ಅದನ್ನು ಮಂಚದ ಮೇಲೆ ಇಳಿಸಿ, “ಇನ್ನು ಇವನು ನಿಮ್ಮವನೇ. ಕರ್ಕೊಂಡು ಹೋಗಿ” ಎಂದು ಗೋಡೆಯ ಕಡೆ ತಿರುಗಿದರು. ನಾನು ಗೆದ್ದಿದ್ದೆ. ಓಡಿ ಬೀದಿಗೆ ಬಂದೆ.

ಬಸ್ಸು ಹತ್ತುವವರೆಗೂ ಅವ್ವ ನನ್ನ ಕೈ ಹಿಡಿಯಲಿಲ್ಲ. ಕುಳಿತ ಮೇಲೆ ಮುಂದಿನ ಸೀಟಿನ ಕಂಬಿಗೆ ಹಣೆಯಿಟ್ಟುಕೊಂಡು ಹೇಳಿದಳು.

“ನಿನ್ನ ಬುಟ್ಟು ಬರಾಕೆ ಓಗಿದ್ನೇನ್ಲಾ ನಾನು? ರಾಗಿ ಈಸ್ಕಳ್ಳಿಲ್ಲ ಅಂದ್ರೆ ಅವಮ್ಮನ್ನೇ ಕರ್ಕಂಡ್ ಬರವ ಅಂತಿದ್ದೆ. ಜನಿವಾರದ ದಿನ ನನ್ ಪಕ್ಕದಾಗೆ ಕೂರ್ಸಿ, ಇವ್ನಿಗೆ ತಾಯೀರು ಇಬ್ರು ಅಂತ ನಿಮ್ಮಜ್ಜಿ ಮುಂದೆ ಅನ್ನಾನ ಅಂತ ದಾರಿಯುದ್ದಕ್ಕೂ ಮಾತು ಜೋಡುಸ್ಕಂಡ್ ಬಂದಿದ್ದೆ.”

ನರ್ಸಮ್ಮ ಆ ವರ್ಷ ಕ್ರಿಸ್‌ಮಸ್ ಕಳೆದ ಮೇಲೆ ಬರಲಿಲ್ಲ. ಮತ್ತೆಂದೂ ಬರಲಿಲ್ಲ. ಜನಿವಾರದ ದಿನ ನನಗೆ ವೀರಾಚಾರಿ ಎಂದು ಹೊಸ ಹೆಸರು ಇಡುವುದೆಂದಾಯಿತು. ಹೆಸರು ಬದಲಿಸುವಾಗ ತಾಯಿ ಅದನ್ನು ಮಗನ ಕಿವಿಯಲ್ಲಿ ಹೇಳಬೇಕು ಎಂದರು ಪುರೋಹಿತರು. ಅವ್ವ ಬಾಗಿ, ಸೆರಗು ಮರೆಮಾಡಿ, ಬಾಯಿಯನ್ನು ಕಿವಿಗೆ ಹಚ್ಚಿದಳು. ಅವಳು ಹೇಳಿದ್ದು ಹೆಸರಲ್ಲ.

“ಓಗಿ ಅವಮ್ಮನ್ ತಾವ ತಪ್ಪಾಯ್ತು ಅನ್ನು. ಅಲ್ಲೀಗಂಟ ನಾನು ನಿನ್ನ ಎಸ್ರಿಡ್ದು ಕರೆಯಾಕಿಲ್ಲ.”

ಅವ್ವ ಮಾತು ಉಳಿಸಿಕೊಂಡಳು. ‘ಲೇ’ ಎಂದಳು, ‘ಬಾ ಇಲ್ಲಿ’ ಎಂದಳು, ನನ್ನ ಮದುವೆಯಾದ ಮೇಲೆ ಸೊಸೆಗೆ ‘ನಿನ್ ಗಂಡನ್ನ ಕರಿ’ ಎಂದಳು. ನಾನು ಹೋಗಲಿಲ್ಲ. ಮೊದಮೊದಲು, ಹೋದರೆ ನರ್ಸಮ್ಮ ಹಿಡಿದಿಟ್ಟುಕೊಳ್ಳುತ್ತಾರೆ ಎಂದು ಹೆದರಿದೆ. ಮೀಸೆ ಬಂದ ಮೇಲೆ, ಅವರು ಬಾಗಿಲು ಹಾಕಿಕೊಂಡರೆ ಎಂದು ಹೆದರಿದೆ. ನನಗೇ ಮಕ್ಕಳಾದ ಮೇಲೆ, ಅವರು ನಕ್ಕು ಒಳಗೆ ಕರೆದರೆ ಏನು ಮಾಡಲಿ ಎಂದು ಹೆದರಿದೆ. ನನ್ನ ವೆಲ್ಡಿಂಗ್ ಅಂಗಡಿಗೆ ಕಬ್ಬಿಣ ತರಲು ಎಷ್ಟೋ ಸಲ ಶ್ರೀರಂಗಪಟ್ಟಣಕ್ಕೆ ಹೋಗಿದ್ದೇನೆ. ಬಸ್ಸು ಪಾಂಡವಪುರದಲ್ಲಿ ನಿಂತಾಗ ಇನ್ನೊಂದು ಕಡೆಯ ಕಿಟಕಿ ನೋಡುತ್ತ ಕುಳಿತಿದ್ದೇನೆ. ದೇವರು ಕೇಳಿಸಿಕೊಳ್ಳುತ್ತಾನೆ ಎಂಬುದು ಹನ್ನಾಳಂಥವರಿಗೆ ಸಮಾಧಾನದ ಮಾತಾಗಿರಬಹುದು. ಅವತ್ತು ಆ ಹೆಂಚಿನ ಮನೆಯಲ್ಲಿ ನಾನು ಆಡಿದ್ದನ್ನೂ ಅವನು ಕೇಳಿಸಿಕೊಂಡಿದ್ದಾನಲ್ಲ ಎಂದು ಯೋಚಿಸಿದವನಿಗೆ ಅದು ಸಮಾಧಾನವಲ್ಲ.

ಅವ್ವ ಹಾಸಿಗೆ ಹಿಡಿದ ವರ್ಷ, ಒಂದು ಮಧ್ಯಾಹ್ನ, ಅಂಬಲಿ ಕುಡಿಸುತ್ತಿದ್ದೆ. ಲೋಟ ದೂರ ತಳ್ಳಿ ಕೇಳಿದಳು.

“ಓಗಿದ್ಯಾ?”

ಇನ್ನು ಅವಳು ನನ್ನನ್ನು ಕರೆಯದೆಯೇ ಹೋಗಿಬಿಡುತ್ತಾಳೆ ಎಂಬ ಭಯ ನನ್ನನ್ನು ಮತ್ತೆ ಆ ಹುಡುಗನನ್ನಾಗಿ ಮಾಡಿತು.

“ಓಗಿದ್ದೆ ಕಣವ್ವ. ಕಾಲಿಗ್ ಬಿದ್ದೆ.”

“ಏನಂದ್ರು?”

“ಅಳಬ್ಯಾಡ ಕಂದ ಅಂದ್ರು.”

ಅವ್ವನ ಮುಖ ಸಡಿಲವಾಯಿತು. ತುಟಿ ಒದ್ದೆ ಮಾಡಿಕೊಂಡು ನನ್ನ ಕಡೆಗೆ ಹೊರಳಿದಳು. ಕರೆಯುತ್ತಾಳೆ ಎಂದುಕೊಂಡೆ. ಯಾವ ಹೆಸರಿನಿಂದಲಾದರೂ ಸರಿ ಎಂದುಕೊಂಡೆ.

“ಒಳ್ಳೇದಾಯ್ತು. ನರ್ಸಮ್ಮ ನರ್ಸಮ್ಮ ಅಂತ್ಲೇ ಕರ್ದುಬುಟ್ಟೊ, ನನ್ನ ಮಗೀಗೆ ಎಸ್ರಿಟ್ಟೋರ ಎಸ್ರು ಒಂದಿನಾನೂ ಕೇಳ್ನಿಲ್ಲ. ನೀನು ಕೇಳಿರ್ತೀಯ. ಅವ್ರ ಎಸ್ರೇನ್ಲಾ?”

ಸುಳ್ಳು ಹೇಳಲಿಕ್ಕೂ ನನಗೆ ಒಂದು ಹೆಸರು ಸಿಗಲಿಲ್ಲ. ಅವ್ವ ಲೋಟಕ್ಕೆ ಕೈ ಚಾಚಿ, ಮಿಕ್ಕ ಅಂಬಲಿಯನ್ನು ತಾನೇ ಕುಡಿದು, ಗೋಡೆಯ ಕಡೆ ಹೊರಳಿಕೊಂಡಳು.